ಹನ್ನೆರಡು ಕೆಜಿ ಮತ್ತು ಹನ್ನೊಂದು ಕಾಯಿ

ಚಿಕ್ಕಮುನಿಯಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಬೇರೆ ಯಾರ ಮೇಲೂ ಬಂದಿಲ್ಲ. ಅವನು ಕೆಟ್ಟವನಾಗಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರ ಮೇಲೆ ಬರುವ ಸಿಟ್ಟಿಗೆ ಮದ್ದಿಲ್ಲ. ನನಗಿಂತ ಏಳು ವರ್ಷ ದೊಡ್ಡವನು, ಹಾಗಾಗಿ ಅಣ್ಣ ಎಂದು ಕರೆಯುತ್ತಿದ್ದೆ. ಬೈಯುವಾಗಲೂ ಅಣ್ಣ ಎಂದೇ ಬೈಯುತ್ತಿದ್ದೆ.

ಪೀಣ್ಯದಲ್ಲಿ ನಮ್ಮದು ಯಂತ್ರಗಳ ಗೇರು ಚಕ್ರ ತಯಾರಿಸುವ ಕಾರ್ಖಾನೆ. ನಾನು ಟೂಲ್‌ರೂಮಿನಲ್ಲಿ ಫಿಟ್ಟರ್, ಅವನು ಸ್ಟೋರ್ಸಿನಲ್ಲಿ ತೂಕದವನು. ಲಾರಿಯಲ್ಲಿ ಬರುವ ಕಬ್ಬಿಣದ ಸರಳು, ಹೊರಗೆ ಹೋಗುವ ಗೇರಿನ ಪೆಟ್ಟಿಗೆ, ಗುಜರಿಗೆ ಹೋಗುವ ಚೂರುಪಾರು ಎಲ್ಲವೂ ಅವನ ತೂಕದ ಯಂತ್ರ ಹತ್ತಿ ಇಳಿಯಬೇಕು. ಹದಿನಾರು ವರ್ಷ ಅದನ್ನೇ ಮಾಡಿ ಅವನ ಕೈಯೇ ತಕ್ಕಡಿಯಾಗಿತ್ತು. ಒಂದು ಬೋಲ್ಟನ್ನು ಅಂಗೈಯಲ್ಲಿಟ್ಟು "ಇನ್ನೂರ ಹತ್ತು ಗ್ರಾಂ" ಅಂದರೆ ಇನ್ನೂರ ಹತ್ತೇ. ಹೊಸ ಮೇನೇಜರೊಬ್ಬರು ನಂಬದೆ ನಾಲ್ಕು ಸಲ ಪರೀಕ್ಷೆ ಮಾಡಿ, ಐದನೆಯ ಸಲಕ್ಕೆ ಟೀ ಕುಡಿಸಿದರು.

ಲಗ್ಗೆರೆಯಲ್ಲಿ ಅವನ ಮನೆ. ತಾಯಿ ಸೊಣ್ಣಮ್ಮ, ಹೆಂಡತಿ ಅನುಸೂಯಮ್ಮ, ಒಂದು ಎಮ್ಮೆ. ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು. ಕುಮಾರಪರ್ವತದ ತುದಿ ಹತ್ತಬೇಕು.

"ನಲವತ್ತೆಂಟು ವರ್ಷ ಕೆಳಗಿಂದ ಮ್ಯಾಕೆ ನೋಡಿದ್ದೇ ಆಯ್ತು ನಂಜಪ್ಪ," ಅನ್ನುತ್ತಿದ್ದ. "ಒಂದ್ಸಲ ಮ್ಯಾಗಿಂದ ಕೆಳಕ್ಕೆ ನೋಡಬೇಕು."

"ನಿಮ್ಮೂರಲ್ಲಿ ನೀರಿನ ಟ್ಯಾಂಕ್ ಇದೆಯಲ್ಲ ಅಣ್ಣ, ಹತ್ತು," ಅಂದಿದ್ದೆ. ಅವನು ನಗಲಿಲ್ಲ. ಅವನಿಗೆ ಆ ವಿಷಯದಲ್ಲಿ ತಮಾಷೆ ಹಿಡಿಸುತ್ತಿರಲಿಲ್ಲ.

ಕಾರ್ಖಾನೆಯ ಕ್ಲಬ್ಬಿನಿಂದ ಅದೇ ಬೆಟ್ಟಕ್ಕೆ ಎರಡು ಸಲ ಹೋಗಿ ಎರಡು ಸಲವೂ ಅರ್ಧದಿಂದ ಹಿಂದಿರುಗಿದ್ದೆವು. ಎಂಬತ್ತೊಂದರಲ್ಲಿ ಕ್ಯಾಂಟೀನಿನ ಆಂಜಿನಪ್ಪ ಹಿತ್ತಾಳೆಯ ಪಾತ್ರೆ, ಸೀಮೆಎಣ್ಣೆಯ ಪಂಪ್ ಸ್ಟೌ, ಎಂಟು ಕೆಜಿ ಈರುಳ್ಳಿ ಹೊರಿಸಿಕೊಂಡು ಬಂದ. ಬೆಟ್ಟದ ಮೇಲೆ ಯಾರ ಮದುವೆ ಮಾಡಿಸಲು ಹೊರಟಿದ್ದನೋ ಗೊತ್ತಿಲ್ಲ. ಎರಡನೆಯ ದಿನಕ್ಕೆ ಎಲ್ಲರ ಬೆನ್ನು ಬಿದ್ದುಹೋಯಿತು. ಎಂಬತ್ತಮೂರರಲ್ಲಿ ಪೇಂಟ್ ಶಾಪಿನ ಇಬ್ಬರು ಟೇಪ್ ರೆಕಾರ್ಡರ್ ತಂದರು, ಅದಕ್ಕೆ ಬೇಕಾದ ಸೆಲ್ಲುಗಳೇ ಒಂದು ಚೀಲ. ನಾನು ಮಾತ್ರ ಏನು ಕಡಿಮೆ, ಎರಡು ಜೊತೆ ಬೂಟು ಒಯ್ದಿದ್ದೆ. ಟೆಂಟಿನ ಬಟ್ಟೆ ಹೊತ್ತವನ ಚೀಲದ ಪಟ್ಟಿ ಹರಿಯಿತು, ಮಳೆ ಬಂತು, ಇಳಿದೆವು. ಎರಡು ಸಲವೂ ಚಿಕ್ಕಮುನಿಯಪ್ಪ ಎಲ್ಲರಿಗಿಂತ ಹಿಂದೆ ಇಳಿದ. ಎರಡನೆಯ ಸಲ ಹಿಂದಿರುಗಿದ ಮೇಲೆ ಅವನ ಬಲಮೊಣಕಾಲು ಊದತೊಡಗಿತು. ಸವೆದಿದೆ, ಇನ್ನು ಹತ್ತಿ ಇಳಿಯುವುದು ಬಿಡಿ ಎಂದು ಡಾಕ್ಟರು ಹೇಳಿದರು. ಇನ್ನೊಂದೇ ಸಲ ಎಂದು ಅವನು ಡಾಕ್ಟರಿಗೆ ಹೇಳಿ ಬಂದ, ಡಾಕ್ಟರೇನೋ ಚೌಕಾಸಿಗೆ ಕೂತಿದ್ದರು ಅನ್ನುವ ಹಾಗೆ.

ಆ ಇನ್ನೊಂದು ಸಲ ಎಂದರೆ ಎಂಬತ್ತೈದರ ಜನವರಿ. ಗಣರಾಜ್ಯೋತ್ಸವದ ರಜೆ ಶನಿವಾರ ಬಿದ್ದಿತ್ತು, ಮುಂದೆ ಮೂರು ದಿನ ಸೇರಿಸಿಕೊಂಡೆವು. ಹಿಂದಿನ ಎರಡು ಸಲವೂ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿ ಸೋತಿದ್ದೆವು. ಈ ಸಲ ಸೋಮವಾರಪೇಟೆಯ ಕಡೆಯಿಂದ ಹತ್ತಿ, ತುದಿ ದಾಟಿ, ಸುಬ್ರಹ್ಮಣ್ಯಕ್ಕೆ ಇಳಿಯುವುದು ಎಂದು ಗೊತ್ತುಮಾಡಿದ. ಆ ಕಡೆಯಿಂದ ದಾರಿ ಗಿಡ್ಡ, ಕಡಿದಾದರೂ ಅವನ ಮೊಣಕಾಲಿಗೆ ನಡಿಗೆ ಕಡಿಮೆ. ಐದು ಜನ. ಹಿಂದಿನ ಪಾಪಿಗಳೇ.

ಶುಕ್ರವಾರ ಮಧ್ಯಾಹ್ನ ಶಿಫ್ಟ್ ಮುಗಿದ ಮೇಲೆ ಎಲ್ಲರ ಬೆನ್ನುಚೀಲ ಸ್ಟೋರ್ಸಿಗೆ ಬರಬೇಕೆಂದು ಹುಕುಂ ಆಯಿತು.

"ಒಬ್ಬನಿಗೆ ಅನ್ನೆರಡು ಕೆಜಿ," ಅಂದ. "ಅನ್ನೆರಡು ಅಂದ್ರೆ ಅನ್ನೆರಡು."

ಕಂಬಳಿ ಒಂದು, ಸ್ವೆಟರ್ ಇದ್ದರೆ ಕಂಬಳಿ ತೆಳ್ಳಗಿನದು. ಅಕ್ಕಿ, ಬೇಳೆ, ಪಾತ್ರೆ ಬೇಡ. ಹುರಿಹಿಟ್ಟು, ಬೆಲ್ಲ, ಅವಲಕ್ಕಿ ಸಾಕು. ಒಬ್ಬೊಬ್ಬನಿಗೆ ಆರು ಬೇಯಿಸಿದ ಮೊಟ್ಟೆ, ತೂಕಕ್ಕೆ ಹೋಲಿಸಿದರೆ ಮೊಟ್ಟೆಯಷ್ಟು ಬಲ ಬೇರೆ ಯಾವುದರಲ್ಲೂ ಇಲ್ಲ ಎಂದು ಅವನದೇ ಸಿದ್ಧಾಂತ. ಟೆಂಟಿನ ಬಟ್ಟೆ ತನ್ನ ಚೀಲಕ್ಕೆ, ಗೂಟ ಮತ್ತು ಹಗ್ಗ ನನ್ನದಕ್ಕೆ, ನೀರಿನ ಕ್ಯಾನು ಆಂಜಿನಪ್ಪನಿಗೆ. ಐದು ಜನಕ್ಕೆ ಒಂದು ಸೋಪು, ಅದನ್ನೂ ಮಧ್ಯಕ್ಕೆ ಕತ್ತರಿಸಿ ಅರ್ಧ ಅಲ್ಲೇ ಬಿಟ್ಟ. ನನ್ನ ಶಾಲು ತೆಗೆದು ಬೆಂಚಿನ ಮೇಲಿಟ್ಟ. ಅದು ನಮ್ಮತ್ತೆ ಹೆಣೆದದ್ದು, ಬಿಟ್ಟು ಹೋದರೆ ಮನೆಯಲ್ಲಿ ಮಾತಿಗೆ ಬರುತ್ತದೆ ಅಂದೆ.

"ಮಾತು ತೂಕ ಇರಾಕಿಲ್ಲ ನಂಜಪ್ಪ. ಶಾಲು ಆರ್ನೂರು ಗ್ರಾಂ."

ಆಂಜಿನಪ್ಪನ ಚೀಲ ಹನ್ನೆರಡು ಮುಕ್ಕಾಲು ತೋರಿಸಿತು. ಎಲ್ಲ ತೆಗೆದು ನೋಡಿದರೆ ಕಾಲುಚೀಲದೊಳಗೆ ಮಾವಿನಕಾಯಿ ಉಪ್ಪಿನಕಾಯಿಯ ಗಾಜಿನ ಶೀಸೆ. "ನನ್ ಹೆಂಡ್ತಿ ಇಟ್ಬಿಟ್ಟಿದಾಳೆ ಕಣಣ್ಣ, ನಂಗ್ ಗೊತ್ತೇ ಇಲ್ಲ," ಅಂತ ಆಂಜಿನಪ್ಪ ತಾಯಾಣೆ ಮಾಡಿದ. ಶೀಸೆ ಬೆಂಚಿಗೆ ಹೋಯಿತು.

"ಎಂಡ್ತಿಗೆ ಬ್ಯಾಡ ಅನ್ನಾಕೆ ಬರಾಕಿಲ್ವೇನಯ್ಯ?" ಎಂದು ಚಿಕ್ಕಮುನಿಯಪ್ಪ ಗದರಿದ. ಈ ಮಾತನ್ನು ನಾನು ಈಗಲೂ ಮರೆತಿಲ್ಲ. ಹೇಳಿದವನು ಯಾರು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊನೆಗೆ, ಹೊರಗೆ ಹೋಗುವ ಗೇರಿನ ಪೆಟ್ಟಿಗೆಗೆ ಹೇಗೋ ಹಾಗೆ ನಮ್ಮ ಐದು ಚೀಲಗಳ ಬಾಯಿಗೂ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದ. ಮನೆಗೆ ಒಯ್ದ ಮೇಲೆ ಹೆಂಡಿರು, ತಾಯಂದಿರು ಒಂದು ಸಂಡಿಗೆಯನ್ನೂ ಒಳಗೆ ಸೇರಿಸಬಾರದು. ಮುದ್ರೆ ಒಡೆದಿದ್ದರೆ ಅವನನ್ನು ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಕಳಿಸುತ್ತೇನೆ ಅಂದ. ನಮಗೆ ಅವಮಾನವೂ ಆಯಿತು, ಒಳಗೊಳಗೇ ಧೈರ್ಯವೂ ಬಂತು. ಈ ಸಲ ಈ ಮನುಷ್ಯ ತುದಿ ಮುಟ್ಟಿಯೇ ಮುಟ್ಟುತ್ತಾನೆ ಅನ್ನಿಸಿತು.

ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್ಕಿನಲ್ಲಿ ನಾಲ್ಕು ಜನ ಮುದ್ರೆ ತೋರಿಸಲು ಸಾಲಾಗಿ ನಿಂತಿದ್ದೆವು. ಚಿಕ್ಕಮುನಿಯಪ್ಪ ಬಂದ. ಬೆನ್ನ ಮೇಲೆ ಚೀಲ, ಅದರ ಮುದ್ರೆ ಇದ್ದ ಹಾಗೇ ಇದೆ. ಎರಡು ಕೈಯಲ್ಲಿ ಎದೆಗವಚಿಕೊಂಡು ಒಂದು ದೊಡ್ಡ ಗಂಟು. ಹೊಸ ಪಂಚೆಯಲ್ಲಿ ಕಟ್ಟಿದ್ದು, ಅರಿಸಿನ ಹಚ್ಚಿದ್ದು.

"ಅದೇನಣ್ಣ?"

"ಕಾಯಿ."

"ಎಷ್ಟು?"

"ಅನ್ನೊಂದು."

ಗಂಟನ್ನು ಮೇಲಿಂದ ಕೆಳಗೆ ನೋಡಿದೆ. ಆಮೇಲೆ ಕೇಳಿದೆ, "ತೂಗಿದೀಯಾ?"

"ಸೊಸೈಟಿ ಅಂಗಡೀಲಿ ತೂಗಿಸ್ದೆ. ಆರೂ ಮುಕ್ಕಾಲು," ಅಂದ, ತಲೆ ತಗ್ಗಿಸಿಕೊಂಡು.

ನಡೆದದ್ದು ಇಷ್ಟು. ಲಗ್ಗೆರೆಯಲ್ಲಿ ಆಗ ಮನೆಯಿದ್ದವರೆಲ್ಲ ವಠಾರ ಕಟ್ಟಿಸುತ್ತಿದ್ದರು, ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆ ಕೊಡಲು. ಹಿತ್ತಲಲ್ಲಿ ತಳಪಾಯ ತೋಡುವಾಗ ಹುತ್ತ ಒಡೆದು ಹಾವಿನ ಭಯ ಹೊಕ್ಕ ಮನೆಗಳು ಅವನ ಬೀದಿಯಲ್ಲಿ ಹನ್ನೊಂದು. ಒಂದು ಮನೆಯಲ್ಲಿ ಮಗುವಿನ ಮೈಮೇಲೆ ಹುಣ್ಣು, ಇನ್ನೊಂದು ಮನೆಯಲ್ಲಿ ಸೊಸೆಗೆ ಗರ್ಭ ನಿಲ್ಲದು. ನಾಗದೋಷಕ್ಕೆ ಸುಬ್ರಹ್ಮಣ್ಯನೇ ಗತಿ. ಸೊಣ್ಣಮ್ಮ ನಲ್ಲಿಯ ಹತ್ತಿರ "ನನ್ ಮಗ ಸುಬ್ರಮಣ್ಯಕ್ಕೆ ಓಯ್ತಾವ್ನೆ" ಅಂದದ್ದೇ ತಡ, ಸಂಜೆಯೊಳಗೆ ಹನ್ನೊಂದು ಕಾಯಿ ಜಗಲಿಗೆ ಬಂದವು. ಇವನು ಬೆಟ್ಟ ಹತ್ತಿ ಹೋಗುತ್ತಾನೆಂದು ಅವರಿಗೆ ಯಾರು ಹೇಳಬೇಕು? ಹೇಳಿದ್ದರೂ ಕೇಳುವವರು ಯಾರು? ಹೇಗಿದ್ದರೂ ಹೋಗ್ತೀಯಲ್ಲ, ಒಂದು ಕಾಯಿ ಭಾರವಾ, ಅನ್ನುವವರೇ ಎಲ್ಲ. ಒಂದೊಂದು ಕಾಯಿ ಭಾರವಲ್ಲ ನಿಜ.

"ಬೇಡ ಅನ್ನೋಕೆ ಬಾಯಿರಲಿಲ್ವಾ?" ಅಂದೆ.

"ಅರಕೆ ಕಾಯಿ ಬ್ಯಾಡ ಅನ್ನಬಾರದು ನಂಜಪ್ಪ."

"ಹೋಗಲಿ, ಹಂಚು. ಒಬ್ಬೊಬ್ಬರು ಎರಡೆರಡು ಹೊರ್ತೀವಿ."

ಅದೂ ಆಗುವುದಿಲ್ಲವಂತೆ. ಯಾರ ಕೈಗೆ ಕೊಟ್ಟರೋ ಅವರ ಕೈಯಿಂದಲೇ ದೇವರಿಗೆ ಹೋಗಬೇಕು. ನೆಲಕ್ಕೆ ಇಳಿಸಬಾರದು, ದಾಟಬಾರದು, ಮೊಟ್ಟೆ ಮಾಂಸ ತಿಂದವರು ಮುಟ್ಟಬಾರದು. ನಾವು ನಾಲ್ವರೂ ಬೆಳಿಗ್ಗೆ ಅವನ ಸಿದ್ಧಾಂತದ ಪ್ರಕಾರವೇ ಮನೆಯಲ್ಲಿ ತಲಾ ಎರಡು ಮೊಟ್ಟೆ ತಿಂದು ಬಂದಿದ್ದೆವು. ಶಾಲು ಬಿಟ್ಟು ಬಂದ ನನ್ನ ಹೆಗಲು ಚಳಿಗೆ ನಡುಗುತ್ತಿತ್ತು. ಬಸ್ಸು ಹೊರಟಿತು. ಸೋಮವಾರಪೇಟೆಯವರೆಗೆ ಅವನು ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ, ನಾನು ಮಾತು ಬಿಟ್ಟಿದ್ದೆ.

ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿದೆವು. ಗಂಟು ರಾತ್ರಿಯಿಡೀ ಮರದ ಕೊಂಬೆಯಲ್ಲಿ ತೂಗಿತು. ಭಾನುವಾರ ಏಳು ಗಂಟೆಗೆ ಹತ್ತಲು ಶುರುಮಾಡಿದೆವು. ಚೀಲದ ವಿಷಯದಲ್ಲಿ ಅವನ ಲೆಕ್ಕ ಎಷ್ಟು ಸರಿ ಇತ್ತೆಂದು ಅವತ್ತು ಗೊತ್ತಾಯಿತು. ಹನ್ನೆರಡು ಕೆಜಿ ಬೆನ್ನ ಮೇಲಿದೆ ಅನ್ನಿಸಲೇ ಇಲ್ಲ. ಹಿಂದಿನ ಸಲ ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದ ಆಂಜಿನಪ್ಪ ಈ ಸಲ ಮಾತಾಡುತ್ತ ಹತ್ತುತ್ತಿದ್ದ. ನಮ್ಮ ನಾಲ್ವರನ್ನು ಹಗುರ ಮಾಡಿದ ಪುಣ್ಯಾತ್ಮ ಮಾತ್ರ ಹದಿನೆಂಟೂ ಮುಕ್ಕಾಲು ಕೆಜಿ ಹೊತ್ತು ಹಿಂದೆ ಬರುತ್ತಿದ್ದ.

ಕಾಡಿನೊಳಗೆ ಇರುವವರೆಗೆ ಹೇಗೋ ನಡೆಯಿತು. ನಾವು ಕೂತರೆ ಅವನು ಕೊಂಬೆ ಹುಡುಕಿ ಗಂಟು ತೂಗುಹಾಕಿ ಕೂರುತ್ತಿದ್ದ. ಕಾಡು ಮುಗಿದ ಮೇಲೆ ಕೊಂಬೆ ಎಲ್ಲಿ? ನಾವು ಕಲ್ಲಿನ ಮೇಲೆ ಕಾಲು ಚಾಚಿ ಹುರಿಹಿಟ್ಟು ತಿನ್ನುತ್ತಿದ್ದರೆ ಅವನು ಗಂಟು ಹಿಡಿದು ನಿಂತೇ ಇರುತ್ತಿದ್ದ. ಬಲಗಾಲನ್ನು ಸ್ವಲ್ಪ ಮಡಿಸಿ, ಎಡಗಾಲಿನ ಮೇಲೆ. ಕೂತುಕೋ ಎಂದು ಕೂಗಿದೆ. "ಪರವಾಗಿಲ್ಲ, ನೀವು ತಿನ್ನಿ," ಅಂದ.

ಹನ್ನೊಂದೂವರೆಗೆ ಬಂಡೆ ಎದುರಾಯಿತು. ಅದೊಂದು ಹತ್ತಿದರೆ ತುದಿಗೆ ಅರ್ಧ ಗಂಟೆ ಎಂದು ಕೆಳಗಿನ ತೋಟದವರು ಹೇಳಿದ್ದರು. ಓರೆಯಾಗಿ ಮೇಲೇರಿದ ಬರೀ ಕಲ್ಲು, ಎರಡು ಕೈ ಊರದೆ ಹತ್ತಲಾಗದು. ಪೇಂಟ್ ಶಾಪಿನವರು ಕೋತಿಗಳ ಹಾಗೆ ಏರಿದರು. ಆಂಜಿನಪ್ಪ ತೆವಳಿಕೊಂಡು ಏರಿದ. ಚಿಕ್ಕಮುನಿಯಪ್ಪ ಗಂಟನ್ನು ಟವೆಲಿನಿಂದ ಎದೆಗೆ ಬಿಗಿದುಕೊಂಡ. ಹನ್ನೊಂದು ಕಾಯಿ ಎದೆಯ ಮೇಲಿದ್ದರೆ ಕಲ್ಲಿಗೆ ಒರಗುವುದು ಹೇಗೆ? ಎರಡಾಳು ಎತ್ತರ ಏರಿ ಜಾರಿದ. ಇನ್ನೊಂದು ಸಲ ಏರಿ ಜಾರಿದ. ಎರಡನೆಯ ಸಲ ಕಾಯಿ ನೆಲಕ್ಕೆ ತಾಗಬಾರದೆಂದು ಮೈಯನ್ನು ತಿರುವಿ ಮೊಣಕಾಲ ಮೇಲೆ ಬಿದ್ದ. ಆ ಸದ್ದು ನನಗೆ ಕೇಳಿಸಿತು.

ನಾನು ಕೆಳಗೇ ಇದ್ದೆ. "ಈ ಬೆಟ್ಟವೂ ಆ ಸುಬ್ರಹ್ಮಣ್ಯನದೇ ಅಲ್ವಾ ಅಣ್ಣ? ಇಲ್ಲೇ ಒಡೆದು ಕೈಮುಗಿ," ಅಂದೆ.

"ದೇವಸ್ಥಾನದಾಗೆ ಒಡೆಸು ಅಂತ ಏಳವ್ರೆ."

"ಹಾಗಾದ್ರೆ ಇಲ್ಲೇ ಬಿಡು. ಕೆಳಗೆ ಅಂಗಡೀಲಿ ಹನ್ನೊಂದು ಕಾಯಿ ಕೊಂಡು ಒಡೆಸು. ದುಡ್ಡು ನಾನು ಕೊಡ್ತೀನಿ."

ಅವನು ಗಂಟಿನ ಸಂದಿಯಿಂದ ಒಂದು ಕಾಯಿ ತೋರಿಸಿದ. ಜುಟ್ಟಿಗೆ ಮಗುವಿನ ಒಂದು ಗಾಜಿನ ಬಳೆ ಕಟ್ಟಿತ್ತು. "ಭದ್ರಕ್ಕನ ಮೊಮ್ಮಗಳದು. ಇಂಗೆ ಒಂದೊಂದಕ್ಕೂ ಒಂದೊಂದು ಕಟ್ಟವ್ರೆ. ಅಂಗಡಿ ಕಾಯ್ಗೆ ಇದಿರ್ತದಾ?"

ನಾನು ಬಾಯಿಗೆ ಬಂದಂತೆ ಬೈದೆ. ನಾಲ್ಕು ವರ್ಷದಿಂದ ಈ ಬೆಟ್ಟ ಈ ಬೆಟ್ಟ ಎಂದು ನಮ್ಮ ಪ್ರಾಣ ತಿಂದದ್ದು ಇದಕ್ಕಾ, ಅರ್ಧ ಗಂಟೆಯ ದಾರಿ ಉಳಿದಿರುವಾಗ ಊರವರ ಕಾಯಿ ಕಾಯಲು ನಿಲ್ಲುತ್ತೀಯಾ, ನೀನು ಬಿದ್ದು ಸತ್ತರೆ ಆ ಹನ್ನೊಂದು ಮನೆಯವರು ಬಂದು ನಿನ್ನ ಅಮ್ಮನನ್ನು ಸಾಕುತ್ತಾರಾ ಎಂದೆಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ತುದಿಯ ಕಡೆ ಒಂದು ಸಲ ನೋಡಿದ. ಮೋಡ ಒಂದೂ ಇರಲಿಲ್ಲ.

"ನಂಜಪ್ಪ, ಅವ್ರಿಗೆ ಇಳಿದು ಬರಾಕೆ ಏಳು," ಅಂದ. "ನನ್ ಚೀಲ ಅಂಚಬೇಕು."

ನನ್ನ ಕೈಗೆ ಗಂಟು ಕೊಡಲಿಲ್ಲ, ತನ್ನ ಎದೆಗೇ ಬಿಗಿದಿಟ್ಟುಕೊಂಡು ಬಗ್ಗಿ ತನ್ನ ಚೀಲದ ಬಾಯಿ ಬಿಚ್ಚಿದ. ಟೆಂಟಿನ ಬಟ್ಟೆಯಿಲ್ಲದೆ ನಾವು ರಾತ್ರಿ ಕಳೆಯುವ ಹಾಗಿರಲಿಲ್ಲ. ಅದು ಆಂಜಿನಪ್ಪನಿಗೆ, ಅವನ ಕ್ಯಾನು ನನಗೆ, ಅವಲಕ್ಕಿ ಒಬ್ಬನಿಗೆ, ಕಂಬಳಿ ಇನ್ನೊಬ್ಬನಿಗೆ. ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿ, ಬದಲಾಯಿಸಿ, ಮತ್ತೆ ಎತ್ತಿ ನೋಡಿ ಹಂಚಿದ. ಯಾರಿಗೂ ನೂರು ಗ್ರಾಂ ಹೆಚ್ಚುಕಡಿಮೆ ಆಗದ ಹಾಗೆ. ನಾನು ಬೇರೆ ಕಡೆ ನೋಡುತ್ತಿದ್ದೆ.

"ಜೊತೆಗೆ ನಾನು ಬರ್ತೀನಿ," ಅಂದೆ.

"ನೀನೂ ಬಂದ್ಬಿಟ್ರೆ ಮ್ಯಾಲೇನೈತೆ ಅಂತ ನಂಗೆ ಏಳೋರು ಯಾರು? ಓಗು."

ಕಾಯಿಯ ಗಂಟೊಂದನ್ನೇ ಹಿಡಿದುಕೊಂಡು ಅವನು ಇಳಿದ. ಕುಂಟುತ್ತಿದ್ದ. ನಾವು ಹತ್ತಿದೆವು.

ತುದಿಯಲ್ಲಿ ಆಂಜಿನಪ್ಪ ಕುಣಿದ, ಪೇಂಟ್ ಶಾಪಿನವರು ಕಲ್ಲಿನ ಮೇಲೆ ತಮ್ಮ ಹೆಸರು ಗೀಚಿದರು. ನನಗೆ ಯಾವುದೂ ಬೇಡವಾಗಿತ್ತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಕಾಡು ಕೆಳಗೆ ಕಂಬಳಿ ಹಾಸಿದ ಹಾಗೆ. ಅಷ್ಟು ಚೆನ್ನಾಗಿದ್ದದ್ದಕ್ಕೇ ನನಗೆ ಹೆಚ್ಚು ನೋವಾಯಿತು. ಕೆಟ್ಟದಾಗಿದ್ದರೆ ಅವನಿಗೆ ಹೋಗಿ ಹೇಳಬಹುದಿತ್ತು.

ಸೋಮವಾರ ಸಂಜೆ ನಾವು ಸುಬ್ರಹ್ಮಣ್ಯಕ್ಕೆ ಇಳಿದಾಗ ಅವನು ಬೀದಿಯ ಛತ್ರದ ಮೆಟ್ಟಿಲ ಮೇಲೆ ಕೂತಿದ್ದ. ಮೂರು ಬಸ್ಸು ಬದಲಾಯಿಸಿ, ಘಟ್ಟ ಸುತ್ತಿ ಬಂದು, ಹನ್ನೊಂದು ಮನೆಯ ಹೆಸರನ್ನೂ ಹೇಳಿಸಿ ಕಾಯಿ ಒಡೆಸಿಯಾಗಿತ್ತು. ಪಕ್ಕದಲ್ಲಿ ಹನ್ನೊಂದು ಹೋಳು, ಹನ್ನೊಂದು ಪೊಟ್ಟಣ ಹುತ್ತದ ಮಣ್ಣಿನ ಪ್ರಸಾದ. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು.

"ಏನೈತೆ ಮ್ಯಾಲೆ?" ಎಂದು ಕೇಳಿದ.

ಸುಳ್ಳು ಹೇಳಬೇಕೆಂದುಕೊಂಡೇ ದಾರಿಯುದ್ದಕ್ಕೂ ಇಳಿದಿದ್ದೆ. ಹೇಳಲಾಗಲಿಲ್ಲ. ನೋಡಿದ್ದನ್ನೆಲ್ಲ ಹೇಳಿದೆ. ಅವನು ನಡುವೆ ನಡುವೆ "ಎಷ್ಟು ದೂರಕ್ಕೆ ಕಾಣ್ತದೆ", "ಗಾಳಿ ಜೋರಾ" ಎಂದು ಕೇಳಿದ. ಆಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದ. ಆಂಜಿನಪ್ಪ ಎದ್ದು ಕಾಫಿ ತರುವ ನೆಪದಲ್ಲಿ ಹೊರಟುಹೋದ. ಅವತ್ತು ನನ್ನ ಸಿಟ್ಟು ಅವನನ್ನು ಬಿಟ್ಟು ಲಗ್ಗೆರೆಯ ಆ ಬೀದಿಯ ಮೇಲೆ ತಿರುಗಿತು. ಇವರ ಹೋಳು ಕಾಯಿಗೋಸ್ಕರ ಒಬ್ಬ ಮನುಷ್ಯನ ಒಂದೇ ಒಂದು ಆಸೆ ಮಣ್ಣುಪಾಲಾಯಿತಲ್ಲ, ಯಾರಾದರೂ ಇವರಿಗೆ ಹೇಳಬೇಡವೇ? ನಾನೇ ಹೇಳುತ್ತೇನೆ ಎಂದು ನಿಶ್ಚಯಿಸಿದೆ.

ಮಂಗಳವಾರ ಮಧ್ಯಾಹ್ನ ಮೆಜೆಸ್ಟಿಕ್ಕಿನಲ್ಲಿ ಇಳಿದು ಉಳಿದವರು ಮನೆಗೆ ಹೋದರು. ನಾನು ಅವನ ಜೊತೆ ಲಗ್ಗೆರೆಯ ದಾರಿ ಹಿಡಿದೆ. ಪ್ರಸಾದ ಹಂಚಿದ ಮೇಲೆಯೇ ಅವನು ತನ್ನ ಮನೆ ಹೊಗಬೇಕಂತೆ.

"ನೀನ್ಯಾಕೆ ಬರ್ತೀಯ? ಮನೇಲಿ ಕಾಯ್ತಿರ್ತಾರೆ."

"ನಿಮ್ಮ ಬೀದಿಯವರಿಗೆ ನಾಲ್ಕು ಮಾತು ಹೇಳೋದಿದೆ," ಅಂದೆ. ಅವನು ಬೇಡ ಅನ್ನಲಿಲ್ಲ. ಅವನು ಯಾವುದಕ್ಕೆ ತಾನೆ ಬೇಡ ಅಂದಿದ್ದ?

ಮೊದಲ ಮನೆ ಭದ್ರಮ್ಮನದು. ಮುಂದೆ ಮರಳಿನ ಗುಡ್ಡೆ, ಪಕ್ಕದಲ್ಲಿ ಗಾರೆಯಾಗದ ನಾಲ್ಕು ಕೋಣೆ. ಅರವತ್ತು ದಾಟಿದ ಹೆಂಗಸು, ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು. ಮಗುವಿನ ಕತ್ತಿನಿಂದ ಮೊಣಕೈವರೆಗೆ ಹುಣ್ಣು, ಕೆಲವು ಒಣಗಿದ್ದು, ಕೆಲವು ಹಸಿ. ಚಿಕ್ಕಮುನಿಯಪ್ಪ ಹೋಳು ಕೈಗಿಟ್ಟ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಸಮವಾಗಿ ಒಡೀತಾ? ಒಳಗೆ ಬೆಳ್ಳಗಿತ್ತಾ?"

"ಬೆಳ್ಳಗಿತ್ತು ಭದ್ರಕ್ಕ. ಕೆಟ್ಟಿರಲಿಲ್ಲ."

ಬೆಟ್ಟದ ಮಾತು ಅವಳು ಕೇಳಲಿಲ್ಲ. ಕುಂಟುತ್ತೀಯಲ್ಲ ಯಾಕೆ ಎಂದೂ ಕೇಳಲಿಲ್ಲ. ನನ್ನ ನಾಲ್ಕು ಮಾತು ನಾಲಗೆಯ ತುದಿಯಲ್ಲಿದ್ದವು. ಅವಳು ಪೊಟ್ಟಣ ಬಿಚ್ಚಿ, ಮಣ್ಣಿಗೆ ಒಂದೆರಡು ಹನಿ ನೀರು ಹಾಕಿ, ಬೆರಳಿನಿಂದ ಮೆಲ್ಲಗೆ ಮಗುವಿನ ತೋಳಿಗೆ ಹಚ್ಚತೊಡಗಿದಳು. ಉರಿದಿರಬೇಕು, ಮಗು ಅಜ್ಜಿಯ ಕತ್ತು ತಬ್ಬಿಕೊಂಡಿತು.

"ಆರು ತಿಂಗಳಾಯ್ತು ನಿದ್ದೆ ಮಾಡಿ," ಅಂದಳು, ಯಾರಿಗೆ ಅಂತಿಲ್ಲದೆ. "ಉತ್ತ ಒಡೆಸಿದವಳು ನಾನು. ನನಗೆ ಬರಬಾರದಿತ್ತಾ? ವಾಸಿಯಾಗಲಿ ಅಪ್ಪ. ಬರೋ ವರ್ಸ ಈ ಮಗೀನ ತೂಕದ ಬೆಲ್ಲ ಒಪ್ಪಿಸ್ತೀನಿ ಅಂದ್ಕಂಡಿವ್ನಿ. ನೀನು ಓಗೇ ಓಗ್ತೀಯಲ್ಲ ಮುನಿಯಪ್ಪ."

ಚಿಕ್ಕಮುನಿಯಪ್ಪ ತನ್ನ ಮೊಣಕಾಲು ನೋಡಿಕೊಂಡ.

"ನನ್ ಕೈಲಿ ಇನ್ನಾಗಾಕಿಲ್ಲ ಭದ್ರಕ್ಕ," ಅಂದ. "ಬೆಟ್ಟದ ಆಸೆ ಮುಗೀತು. ಇವ್ರು ಓಗ್ತಾರೆ, ನಮ್ ನಂಜಪ್ಪ."

ಭದ್ರಮ್ಮ ಮೊದಲ ಸಲ ನನ್ನ ಕಡೆ ತಿರುಗಿದಳು. ಬೆರಳ ತುಂಬ ಮಣ್ಣು ಮೆತ್ತಿಕೊಂಡಿತ್ತು. ಮಗುವೂ ತಿರುಗಿ ನೋಡಿತು.

"ಒಯ್ತೀಯಾ ತಂದೆ?"

"ಆಯ್ತಮ್ಮ," ಅಂದೆ.

ಹೊರಗೆ ಬಂದ ಮೇಲೆ ಚಿಕ್ಕಮುನಿಯಪ್ಪ ನನ್ನ ಮುಖ ನೋಡಲಿಲ್ಲ. ಇನ್ನೂ ಹತ್ತು ಮನೆ ಉಳಿದಿದ್ದವು. ಆ ಹತ್ತು ಮನೆಯಲ್ಲೂ ಅವನು ಹೋಳು ಕೊಡುತ್ತಿದ್ದರೆ ನಾನು ಬಾಯಿ ಬಿಡದೆ ಅವನ ಹಿಂದೆ ನಿಂತಿದ್ದೆ.